ಪಾಲಿಗೆ ಕೊಟ್ಟ ಕೋಳಿ

ಹುಬ್ಬಳ್ಳಿಯ ಡಾಕ್ಟರು "ದಿನಾ ಎರಡು ತತ್ತಿ ತಿನ್ರಿ" ಎಂದಾಗ ಲೋಕೇಶ ಡಾಕ್ಟರ ಮುಖ ನೋಡಲಿಲ್ಲ, ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಯ ಮುಖ ನೋಡಿದ. ಶಾಂತಾದೇವಿಯ ಹುಬ್ಬು ಗಂಟಿಕ್ಕಿತ್ತು. ಅದನ್ನು ಕಂಡವನೇ ಗಟ್ಟಿ ದನಿಯಲ್ಲಿ, "ನಮ್ಮ ಮನ್ಯಾಗ ಅದರ ಹೆಸರೂ ಎತ್ತೂದಿಲ್ರಿ ಸಾಹೇಬ್ರ" ಎಂದುಬಿಟ್ಟ. ಎಲ್ಲ ತಾಪತ್ರಯವೂ ಹುಟ್ಟಿದ್ದು ಆ ಒಂದು ಮಾತಿನಿಂದ.

ಮುಂಡಗೋಡದ ಹತ್ತಿರದ ಹಳ್ಳಿಯಲ್ಲಿ ಅವನದೊಂದು ಹಿಟ್ಟಿನ ಗಿರಣಿ. ಜೋಳದ ಚೀಲ ಎತ್ತಿದರೆ ತಲೆ ತಿರುಗುತ್ತಿತ್ತು. ಔಷಧಿಗೆಂದು ಎರಡನೆಯ ಸಲ ಒಬ್ಬನೇ ಹುಬ್ಬಳ್ಳಿಗೆ ಹೋದಾಗ, ಬಸ್‌ಸ್ಟ್ಯಾಂಡಿನ ಗಾಡಿಯ ಮರೆಯಲ್ಲಿ ನಿಂತು, ಉಪ್ಪು ಖಾರ ಹಚ್ಚಿದ ಒಂದು ತತ್ತಿ ತಿಂದೇಬಿಟ್ಟ. ತಲೆ ತಿರುಗುವುದು ನಿಂತಂತೆ ಅನಿಸಿತು. ಜೊತೆಗೆ, ಈ ರುಚಿಯ ಗುರುತು ತನಗೆ ಮೊದಲೇ ಇದೆಯಲ್ಲ ಎಂದೂ ಅನಿಸಿತು. ಎಲ್ಲಿಯದೆಂದು ಮಾತ್ರ ನೆನಪಾಗಲಿಲ್ಲ.

ಊರಲ್ಲಿ ಕೊಂಡು ತಿನ್ನುವಂತಿರಲಿಲ್ಲ. ಮನೆಮನೆಯ ಹಿಟ್ಟೂ ಅವನ ಕೈಯಿಂದಲೇ ಹೋಗುವಾಗ, ಅವನ ಕೈಯಲ್ಲೊಂದು ತತ್ತಿ ಕಂಡರೆ ರೊಟ್ಟಿ ಬೇಯುವ ಮೊದಲೇ ಸುದ್ದಿ ಬೆಂದಿರುತ್ತಿತ್ತು. ಹಾಗಾಗಿ ಅವನಿಗೆ ಹೊಳೆದದ್ದು ಪಾಲಿನ ದಾರಿ. ಕೋಳಿ ಒಬ್ಬರದು, ಹಿತ್ತಲು ಇನ್ನೊಬ್ಬರದು. ಇಟ್ಟ ತತ್ತಿ, ಎದ್ದ ಮರಿ ಇಬ್ಬರಿಗೂ ಅರ್ಧರ್ಧ. ಗಿರಣಿಯಲ್ಲಿ ಚೀಲ ಹೊರುವ ದಾವಲಸಾಬ ಗೆಳೆಯನೂ ಹೌದು, ಅವನ ಹಿತ್ತಲು ಗಿರಣಿಯ ಬೆನ್ನಿಗೇ ಇತ್ತು. ತತ್ತಿಯನ್ನು ಅಲ್ಲೇ ಕುದಿಸಿ, ಅಲ್ಲೇ ತಿಂದು, ಬಾಯಿ ಮುಕ್ಕಳಿಸಿ ಬಂದರಾಯಿತು.

ದಾವಲಸಾಬ ಒಪ್ಪಿದ. ಆದರೆ ತಲೆ ಕೆರೆದುಕೊಂಡ. "ಜವಾರಿ ಮಾತ್ರ ತರಬ್ಯಾಡ್ರಿ ಅಣ್ಣಾರ."

"ಯಾಕೋ? ನಮ್ಮ ನಾಡಕೋಳಿ ಜವಾರಿನ ಚಲೋ ಅಂತಾರಲ್ಲ?"

"ಒಬ್ಬರು ಆಗಲೇ ಜವಾರಿ ಪಾಲಿಗೆ ಬಿಟ್ಟಾರ್ರಿ. ಎಲ್ಲಾ ಕಲತು ಹ್ವಾದ್ರ ಯಾರ ತತ್ತಿ ಯಾರದು ಅಂತ ಹೆಂಗ ಹೇಳ್ಲಿ? ನೋಡಿದ ಕೂಡ್ಲೆ ಇದು ನಿಮ್ಮದು ಅಂತ ಗೊತ್ತಾಗೂ ಜಾತಿ ತರ್ರಿ."

ಆ ಒಬ್ಬರು ಯಾರೆಂದು ಕೇಳಿದರೆ, ಗಿರಣಿಯ ಪಟ್ಟಾ ಸಡಿಲಾದಂತಿದೆ ಎಂದು ದಾವಲಸಾಬ ಮಾತು ತಿರುಗಿಸಿದ. ಲೋಕೇಶನಿಗೆ ಅದೇ ಅನುಕೂಲವಾಯಿತು. ಪಟ್ಟಾ ತರುವ ನೆವ ಹೇಳಿ, ಹೆಂಡತಿ ಕಟ್ಟಿಕೊಟ್ಟ ರೊಟ್ಟಿ–ಝುಣಕದ ಬುತ್ತಿ ಹಿಡಿದು, ಸಂತೆಯ ದಿನ ಬೆಳಿಗ್ಗೆ ಮುಂಡಗೋಡದ ಬಸ್ಸು ಹತ್ತಿದ. ಇತ್ತೀಚೆಗೆ ಶಾಂತಾದೇವಿಯ ಕಡಲೆ ಹಿಟ್ಟಿನ ಝುಣಕ ಬೆಣ್ಣೆಯಂತೆ ಮೆತ್ತಗಾಗಿತ್ತು. ಅದೊಂದಿದ್ದರೆ ಅವನಿಗೆ ಎರಡು ರೊಟ್ಟಿ ಹೆಚ್ಚೇ ಹೋಗುತ್ತಿದ್ದವು.

ಕೋಳಿ ಮಾರುವ ಸಾಲಿನಲ್ಲಿ ಅವನು ಓದದೆ ಪರೀಕ್ಷೆಗೆ ಬಂದ ಹುಡುಗನಂತೆ ನಿಂತ. ಕರಿ, ಕೆಂಪು, ಬಿಳಿ, ಚುಕ್ಕಿಯ ಕೋಳಿಗಳೆಲ್ಲ ಅವನನ್ನೇ ಒರೆಗಣ್ಣಲ್ಲಿ ನೋಡುತ್ತಿದ್ದವು. ಬೆನ್ನ ಮೇಲೊಂದು ಕೈ ಬಿತ್ತು. ಅವನದೇ ಊರಿನ ಅಂತೋನಿ. ಗಣೇಶಗುಡಿಯ ಹೋಮ್‌ಸ್ಟೇಯಲ್ಲಿ ಅಡಿಗೆ ಮಾಡುತ್ತಿದ್ದವನು, ರಜೆಗೆ ಬಂದಿದ್ದ.

"ಲೋಕಣ್ಣ, ನೀವು ಇಲ್ಲಿ?"

"ದಾವಲಸಾಬ ಕೋಳಿ ತಾ ಅಂದಿದ್ದ."

"ಅವಗ್ಯಾಕ ಕೋಳಿ? ಅವನ ಹಿತ್ತಲದಾಗ ಕಾಲಿಡಾಕ ಜಾಗ ಇಲ್ಲ." ಹೀಗೆಂದರೂ ಅಂತೋನಿ ಹೆಚ್ಚು ಕೆದಕಲಿಲ್ಲ, ಸಲಹೆ ಕೊಡುವ ಅವಕಾಶ ಸಿಕ್ಕಿತ್ತಲ್ಲ. ತರುವುದಾದರೆ ಗಿರಿರಾಜ ತರಬೇಕು, ವರ್ಷ ತುಂಬುವುದರೊಳಗೆ ಕರುವಿನಂತಾಗುತ್ತದೆ ಎಂದು ದೊಡ್ಡದೊಂದನ್ನು ಎತ್ತಿ ಲೋಕೇಶನ ಕಂಕುಳಿಗೆ ಸೇರಿಸಿದ.

ದನದ ದವಾಖಾನೆಯಲ್ಲಿ ಜವಾನನಾಗಿ ನಿವೃತ್ತನಾಗಿದ್ದ, ಅವರೂರಿನವನೇ ಆದ ದುರ್ಗಪ್ಪ ಇದನ್ನು ದೂರದಿಂದ ಕಂಡು, ಜೀವ ತಡೆಯದೆ ಬಂದ. ಅವನ ಪ್ರಕಾರ ಗಿರಿರಾಜ ಗಿರಣಿಯ ಹಿಟ್ಟನ್ನೆಲ್ಲ ತಿಂದು, ಗಿರಣಿಯ ಕಲ್ಲಿಗೂ ಬಾಯಿ ಹಾಕುವ ಜಾತಿ. ತರಬೇಕಾದದ್ದು ಕಡಕನಾಥ. ಗರಿ ಕರಿ, ಚರ್ಮ ಕರಿ, ಎಲುಬೂ ಕರಿ. ಅದು ಓಡಾಡುವ ಹಿತ್ತಲಲ್ಲಿ ನಿಂತರೂ ಮೈಗೆ ಕಸುವು. ಮಾರುವವನು ಇಬ್ಬರನ್ನೂ ಬದಿಗೆ ಸರಿಸಿ ಕೆಂಪು ಕೋಳಿಯೊಂದನ್ನು ಮುಂದೆ ಹಿಡಿದ. "ತತ್ತಿ ಬೇಕಂದ್ರ ಈ ಬಿವಿ ಜಾತಿದು ಒಯ್ರಿ. ದಿನಕ್ಕೊಂದು ಇಡತೈತಿ. ಆದ್ರ ಕಾವಿಗೆ ಕೂಡೂದಿಲ್ಲ. ಸಹಿ ಹಾಕಿದ ಸಾಹೇಬನಂಗ, ತತ್ತಿ ಇಟ್ಟು ಎದ್ದು ಹೊಕ್ಕೈತಿ."

ಲೋಕೇಶ ಮರದ ಕೆಳಗೆ ಕೂತು ರೊಟ್ಟಿ–ಝುಣಕ ತಿನ್ನುತ್ತ ಯೋಚಿಸಿದ. ಅವನಿಗೆ ಬೇಕಾದದ್ದು ಬಿವಿ. ಆದರೆ ಅಂತೋನಿಯ ಮಾತು ಬಿಟ್ಟರೆ ಅಂತೋನಿ, ದುರ್ಗಪ್ಪನ ಮಾತು ಬಿಟ್ಟರೆ ದುರ್ಗಪ್ಪ, ನೇರ ದಾವಲಸಾಬನಲ್ಲಿಗೆ ಹೋಗಿ ಯಾಕೆ ಬಿಟ್ಟಿರೆಂದು ಕೇಳುವವರು. ಕೇಳಿದರೆ ಗುಟ್ಟು ಹೊರಬೀಳುವುದು. ಎಲ್ಲರ ಬಾಯಿ ಮುಚ್ಚಿಸಲು ಮೂರನ್ನೂ ಕೊಂಡ. ಕಾಲು ಕಟ್ಟಿ, ಗಿರಣಿಯಿಂದ ತಂದಿದ್ದ ಹಿಟ್ಟಿನ ಚೀಲಕ್ಕೆ ಇಳಿಬಿಟ್ಟ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪಕ್ಕಕ್ಕೆ ಬಂದು ಕೂತವಳು ಓಣಿಯ ಗಿರಿಜಾಬಾಯಿ. ಆಕೆಗೆ ಒಂದು ಮಾತು ಹೇಳಿದರೆ ಊರಿಗೆ ಡಂಗುರ ಬೇಕಾಗುತ್ತಿರಲಿಲ್ಲ. ಚೀಲ ಕೊಕ್ ಎಂದಾಗಲೆಲ್ಲ ಲೋಕೇಶ ಕೆಮ್ಮಿದ. ಮೂರು ಕೋಳಿಯ ಪಾಲಿನ ಕೆಮ್ಮು ಒಬ್ಬನೇ ಕೆಮ್ಮಿದ್ದರಿಂದ ಗಂಟಲು ಹರಿದುಹೋಯಿತು. ಕಾಡಿನ ತಿರುವಿನಲ್ಲಿ ಬಸ್ಸು ಜೋರಾಗಿ ಜಿಗಿದಾಗ ಚೀಲದ ಬಾಯಿ ಸಡಿಲಿ, ಬಿಸಿಬಿಸಿ ತತ್ತಿಯೊಂದು ಅವನ ತೊಡೆಯ ಮೇಲೆ ಉರುಳಿ ಬಂತು. ಕೆಂಪು ಕೋಳಿ ಮಾತು ಉಳಿಸಿಕೊಂಡಿತ್ತು.

ಗಿರಿಜಾಬಾಯಿ ತತ್ತಿಯನ್ನೂ ಅವನನ್ನೂ ಒಂದೊಂದು ಸಲ ನೋಡಿದಳು. ಅವನು ಅದನ್ನು ಗಡಿಬಿಡಿಯಲ್ಲಿ ಅಂಗಿಯ ಕಿಸೆಗೆ ಹಾಕಿ, "ದಾವಲಸಾಬನ ಕೋಳಿ" ಎಂದ.

"ಕೋಳಿ ಅವಂದು ಸರಿ ಲೋಕಪ್ಪಾ," ಎಂದಳು ಆಕೆ, "ಕಿಸೆ ನಿಂದಲ್ಲ?"

ಊರು ಬರುತ್ತಲೇ ಗಿರಿಜಾಬಾಯಿ ಮೊಳಕಾಲಿನ ನೋವು ಮರೆತು ಶಾಂತಾದೇವಿಯ ಮನೆಯ ದಿಕ್ಕಿಗೆ ನಡೆದಳು. ಲೋಕೇಶ ಹಿಂದಿನ ದಾರಿಯಿಂದ ದಾವಲಸಾಬನ ಹಿತ್ತಲಿಗೆ ಓಡಿ ಚೀಲ ಬಿಚ್ಚಿದ. ಹಿಟ್ಟು ಮೆತ್ತಿಕೊಂಡು ಮೂರೂ ಅಚ್ಚ ಬಿಳಿಯಾಗಿ ಹೊರಬಂದವು.

"ನೋಡಿದ ಕೂಡ್ಲೆ ಗೊತ್ತಾಗೂ ಜಾತಿ ಅಂದಿದ್ನಿ," ಎಂದ ದಾವಲಸಾಬ. "ಮೂರೂ ಒಂದ ಥರಾ ತಂದೀರಲ್ಲರಿ."

ಅವನ ಹೆಂಡತಿ ರುಬಿನಾ ಸೆರಗಿನಲ್ಲಿ ನಗೆ ಮುಚ್ಚಿಕೊಂಡು ಕೋಳಿ ಝಾಡಿಸುತ್ತಿರುವಾಗಲೇ ಬೇಲಿಯ ಬಾಗಿಲು ಕಿರುಗುಟ್ಟಿತು. ಶಾಂತಾದೇವಿ. ಆಕೆ ಒಳಗೆ ಕಾಲಿಡುತ್ತಲೇ ಹಿತ್ತಲಿನ ಜವಾರಿ ಕೋಳಿಗಳೆಲ್ಲ ರೆಕ್ಕೆ ಬಡಿಯುತ್ತ ಓಡಿಹೋಗಿ, ಶಾಲೆ ಬಿಟ್ಟ ಮಕ್ಕಳು ತಾಯಿಯನ್ನು ಮುತ್ತಿದಂತೆ ಆಕೆಯ ಕಾಲು ಮುತ್ತಿದವು. ಆಕೆ "ಹುಶ್" ಎಂದು ಅತ್ತಿತ್ತ ಕಾಲು ಸರಿಸಿದಳು. ಹೆದರಿ ನಿಂತಿದ್ದ ಲೋಕೇಶನಿಗೆ ಅದರ ಅರ್ಥ ಹೊಳೆಯಲಿಲ್ಲ.

"ಯಾರವು ಈ ಹೊಸಾವು?"

"ದಾವಲಸಾಬಂದು," ಎಂದ ಲೋಕೇಶ.

ಶಾಂತಾದೇವಿ ಬಗ್ಗಿ ನೋಡಿದಳು. ಕರಿಯದು ವರ್ಷದಲ್ಲಿ ಇಡುವ ತತ್ತಿ ಒಂದು ಸಂಸಾರಕ್ಕೆ ಸಾಲದು ಎಂದಳು. ಗಿರಿರಾಜನ ಕತ್ತು ಎತ್ತಿ ನೋಡಿ, "ಇದು ಹುಂಜ" ಎಂದಳು. ಕೆಂಪು ಕೋಳಿಯ ಮುಂದೆ ಸ್ವಲ್ಪ ಹೊತ್ತು ನಿಂತು ಗಂಡನ ಕಡೆ ತಿರುಗಿದಳು.

"ಗಿರಿಜಾಬಾಯಿ ಏನೋ ಅಂದ್ಲು. ಖರೆ ಹೇಳ್ರಿ, ನಿಮಗೇನರೆ ತತ್ತಿ ತಿನ್ನೂ ಮನಸ್ಸೈತೇನು?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜ ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಲೋಕೇಶನಿಗೆ ಡಾಕ್ಟರ ಕೋಣೆಯ ಆ ಹುಬ್ಬಿನ ಗಂಟು ನೆನಪಾಯಿತು.

"ನಂಗ? ತತ್ತಿ? ಎದಿ ಮುಟ್ಟಿ ಹೇಳ್ತೇನಿ ಶಾಂತಾ, ಅದರ ಸುದ್ದೀನ ನಂಗ ಬ್ಯಾಡ," ಎಂದು ಎದೆಗೆ ಪಟಾರನೆ ಬಡಿದುಕೊಂಡ.

ಕಿಸೆಯಲ್ಲಿ ಏನೋ ಚಿಟ್ಟೆಂದಿತು. ಅಂಗಿಯ ಮೇಲೆ ಹಳದಿ ಬಣ್ಣ ಮೆಲ್ಲಗೆ ಇಳಿಯತೊಡಗಿತು. ದಾವಲಸಾಬ ಆಕಾಶದಲ್ಲಿ ಮೋಡ ಹುಡುಕಿದ.

"ಆತು ಬಿಡ್ರಿ. ಎದಿ ಮುಟ್ಟಿ ಹೇಳಿದ ಮ್ಯಾಲ ಮುಗೀತು," ಎಂದಳು ಶಾಂತಾದೇವಿ. "ರುಬಿನಾ, ಆ ಕೆಂಪು ಕೋಳಿ ತತ್ತಿ ನಿನ್ನ ಮಕ್ಕಳಿಗೆ ತಿನಸು. ಒಂದೂ ಹೊರಗಿನವರಿಗೆ ಕೊಡಬ್ಯಾಡ." ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಅಂಗಿ ತಣ್ಣೀರಾಗ ನೆನಿ ಇಡ್ರಿ. ಬಿಸಿನೀರು ಹಾಕಿದ್ರ ಕಲಿ ಗಟ್ಟಿ ಆಕ್ಕೈತಿ."

ಆಕೆ ಹೋದ ಮೇಲೆ ಲೋಕೇಶ ನಿಂತಲ್ಲೇ ನಿಂತ. ತತ್ತಿಯ ಕಲೆಗೆ ಬಿಸಿನೀರು ಆಗದೆಂಬುದು ಇವಳಿಗೆ ಹೇಗೆ ಗೊತ್ತು? ಜವಾರಿ ಕೋಳಿಗಳು ಇನ್ನೂ ಬೇಲಿಯ ಹತ್ತಿರವೇ ಕತ್ತು ಚಾಚಿ ನಿಂತಿದ್ದವು.

"ದಾವಲಾ, ಆ ಜವಾರಿ ಯಾರವು?"

ದಾವಲಸಾಬನಿಗೆ ಮೋಡ ಇನ್ನೂ ಸಿಕ್ಕಿರಲಿಲ್ಲ. ರುಬಿನಾಳೇ ಬಾಯಿ ಬಿಟ್ಟಳು. "ಅಕ್ಕಾರವು ರಿ. ನೀವು ಡಾಕ್ಟರ್ ಕಡೆ ಹೋಗಿ ಬಂದ ಮಾರನೇ ದಿನಾನ ಪಾಲಿಗೆ ಬಿಟ್ರು. ದಿನಾ ಎರಡು ತತ್ತಿ ಒಯ್ತಾರ. ನೀವು ನಿಯಮದ ಮನುಷ್ಯಾ, ಹೇಳಿದ್ರ ತಿನ್ನೂದಿಲ್ಲ, ಆದ್ರ ಮೈಯಾಗ ಶಕ್ತಿ ಇಲ್ಲ ಅಂತ, ನಿಮಗ ತಿಳೀದಂಗ ಝುಣಕದಾಗ ಕಲಸಿ ಹಾಕ್ತಾರ್ರಿ."

ಬಸ್‌ಸ್ಟ್ಯಾಂಡಿನ ಗಾಡಿಯ ಬಳಿ ಸಿಕ್ಕಿದ್ದ ಆ ಗುರುತಿನ ರುಚಿ ಎಲ್ಲಿಯದೆಂದು ಲೋಕೇಶನಿಗೆ ಆಗ ನೆನಪಾಯಿತು.

ಸಂಜೆ ಊಟಕ್ಕೆ ಕೂತಾಗ ತಾಟಿನಲ್ಲಿ ಬಿಸಿ ರೊಟ್ಟಿ, ಪಕ್ಕದಲ್ಲಿ ಝುಣಕ. ತುತ್ತು ಬಾಯಿಗಿಟ್ಟ. ಬರೀ ಕಡಲೆ ಹಿಟ್ಟು. ಗಂಟಲಲ್ಲಿ ಗಿರಣಿಯ ಧೂಳಿನಂತೆ ಅಂಟಿಕೊಂಡಿತು.

"ಶಾಂತಾ, ಇವತ್ತು ಝುಣಕದಾಗ ಏನೋ ಕಡಿಮಿ ಆಗೇತಲ್ಲ."

ಶಾಂತಾದೇವಿ ಒಲೆಯ ಮುಂದಿನಿಂದ ತಿರುಗಿ ಅವನನ್ನು ನೋಡಿದಳು. ಹುಬ್ಬಿನಲ್ಲಿ ಗಂಟಿರಲಿಲ್ಲ, ತುಟಿಯ ತುದಿಯಲ್ಲಿ ಏನೋ ಇತ್ತು. "ಏನು ಕಡಿಮಿ ಆಗೇತಿ? ಹೆಸರು ಹೇಳ್ರಿ, ಹಾಕ್ತೇನಿ."

ದಾವಲಸಾಬನ ಹಿತ್ತಲಿನಿಂದ ಗಿರಿರಾಜ ಹುಂಜ ಹೊತ್ತುಗೊತ್ತಿಲ್ಲದೆ ಒಮ್ಮೆ ಕೂಗಿತು. ಲೋಕೇಶ ತಾಟಿನ ಝುಣಕವನ್ನು ಬೆರಳಿನಿಂದ ಅತ್ತಿತ್ತ ಸರಿಸಿದ.

"ಉಪ್ಪು," ಎಂದ.

ಆಕೆ ಒಂದು ಚಿಟಿಕೆ ಉಪ್ಪು ತಂದು ಹಾಕಿದಳು.