ಚಂದ್ರನ ಗಾಡಿಯ ಎಂಟನೆಯ ಗಾಲಿ

ರಷ್ಯಾದವರು ಚಂದ್ರನ ಮೇಲೆ ಎಂಟು ಗಾಲಿಯ ಗಾಡಿ ಓಡಿಸಿದರು. ಅದರಿಂದ ಚಂದ್ರನಿಗೆ ಏನಾಯಿತೋ ನಮಗೆ ತಿಳಿಯದು. ಕುಕನೂರಿನ ಕೈಕಸುಬಿನ ಮಾಸ್ತರ ವಿರುಪಣ್ಣನಿಗಂತೂ ಒಳ್ಳೆಯದಾಗಲಿಲ್ಲ. ಪೇಪರಿನ ಚಿತ್ರ ನೋಡಿದ ಹೆಡ್‌ಮಾಸ್ತರರು, “ಸಾಲಿ ಪ್ರದರ್ಶನಕ್ಕ ಇಂಥಾದ್ದೊಂದು ಮಾಡ್ರಿ” ಎಂದರು. ವಿರುಪಣ್ಣ ಡಬ್ಬಿಗಳನ್ನೇ ಗಾಲಿ ಮಾಡಿ ಗಾಡಿ ಕಟ್ಟಿದ. ಏಳು ಗಾಲಿ ಬರೀ ಗಾಲಿಗಳು. ಎಂಟನೆಯದರಲ್ಲಿ ಅವನು ಮನಸ್ಸಿನ ಮಾತು ಬಚ್ಚಿಟ್ಟ.

ಹೆಂಗಸರು ಅಂಗಳದಲ್ಲಿ ಉರುಳಿಸುವ ರಂಗೋಲಿ ಕೊಳವೆ ಇರುತ್ತದಲ್ಲ, ತೂತಿನಿಂದ ಪುಡಿ ಉದುರಿ ಬಳ್ಳಿ ಮೂಡುತ್ತದೆ. ಆ ಡಬ್ಬಿಗೂ ಹಾಗೇ ಮೊಳೆಯಿಂದ ತೂತು ಹೊಡೆದು ರಂಗೋಲಿ ಪುಡಿ ತುಂಬಿದ. ಉರುಳಿಸಿದರೆ ನೆಲದ ಮೇಲೆ ಅಕ್ಷರ ಬೀಳುತ್ತಿದ್ದವು: ‘ಮನಿಗೆ ಚಹಾಕ್ಕ ಬರ್ರಿ.’ ಯಾರಿಗೂ ಗೊತ್ತಾಗದಂತೆ ತೂತುಗಳ ಮೇಲೆ ಕಪ್ಪು ಪಟ್ಟಿ ಸುತ್ತಿದ.

ಈ ಕರೆ ಇದ್ದದ್ದು ಹೊಲಿಗೆ ಕಲಿಸುವ ಶಿವಬಸಮ್ಮ ಅಕ್ಕೋರಿಗೆ. ಅವರ ಪಕ್ಕದ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತರೂ “ಸೀಮೆಸುಣ್ಣ ಐತೇನ್ರಿ” ಎಂಬುದನ್ನು ದಾಟಿ ಅವನ ನಾಲಿಗೆ ಹೋಗಿರಲಿಲ್ಲ. ಬಾಯಿಬಿಟ್ಟು ಕರೆದರೆ ಊರ ತುಂಬ ಸುದ್ದಿ. ಗಾಲಿ ಕರೆದರೆ, ಅವರು ಒಲ್ಲೆ ಎಂದರೂ ಚೇಷ್ಟೆ ಎಂದು ನಕ್ಕುಬಿಡಬಹುದು. ದಾವಲಬೀಯ ವಠಾರದ ಅವನ ಖೋಲಿಗೆ ಈವರೆಗೆ ಒಬ್ಬರೂ ಬಂದು ಕೂತಿರಲಿಲ್ಲ. ಸಂಜೆಯಾದರೆ ತನ್ನ ಕೆಮ್ಮು ತನಗೇ ಕೇಳಿ ಬೇಸರವಾಗುತ್ತಿತ್ತು. ಆದರೂ ಚಹಾಕ್ಕೆಂದು ಎರಡು ಹೊಸ ಕಪ್ಪು ತಂದು ಗೋಡೆಯ ಮಾಡದಲ್ಲಿ ಇಟ್ಟಿದ್ದ.

ಪ್ರದರ್ಶನದ ದಿನ ಅಕ್ಕೋರು ಗಾಡಿಯ ಹತ್ತಿರ ಬಂದಾಗ ಪಟ್ಟಿ ಬಿಚ್ಚುವುದು ಅವನ ಲೆಕ್ಕಾಚಾರ. ಅವರಿಗಿಂತ ಮೊದಲು ಡ್ರಿಲ್ ಮಾಸ್ತರ ಜಿಲಾನಿ ಬಂದ. ಅವನಿಗೆ ಯಾವುದನ್ನೂ ಮುಟ್ಟದೆ ನೋಡಿ ಗೊತ್ತಿಲ್ಲ.

“ಏಳಕ್ಕಿಲ್ಲದ್ದು ಒಂದಕ್ಕ ಯಾಕ್ರಿ ಈ ಪಟ್ಟಿ?” ಎಂದು ಸರ್ರನೆ ಕಿತ್ತ.

“ಅದು ಇರಲಿ ಬಿಡ್ರಿ ಜಿಲಾನಿ ಸರ,” ಎಂದು ವಿರುಪಣ್ಣ ಕೈ ಚಾಚುವುದರೊಳಗೆ ಹೆಡ್‌ಮಾಸ್ತರರು ದಾರ ಹಿಡಿದು ಗಾಡಿ ಎಳೆದಾಗಿತ್ತು. ಪಡಸಾಲೆಯುದ್ದಕ್ಕೂ ಬೆಳ್ಳಗೆ ಸಾಲಾಯಿತು: ಮನಿಗೆ ಚಹಾಕ್ಕ ಬರ್ರಿ, ಮನಿಗೆ ಚಹಾಕ್ಕ ಬರ್ರಿ.

ಹೆಡ್‌ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಓದಿದರು. ವಿರುಪಣ್ಣನ ಜೀವ ಬಾಯಿಗೆ ಬಂತು.

“ಸಂಸ್ಕಾರ ಅಂದ್ರ ಇದು ನೋಡ್ರಿ,” ಎಂದರು ಅವರು. “ರಷ್ಯಾದವರು ಚಂದ್ರನ ಮ್ಯಾಲ ಹೋದ್ರೂ ಯಾರನ್ನೂ ಕರೀಲಿಲ್ಲ. ನಮ್ಮ ವಿರುಪಣ್ಣ ಊರಿಗೇ ಹೇಳ್ಯಾನ. ಎಲ್ಲಾರೂ ಹೋಗೂಣು.”

ಜಿಲಾನಿಗೆ ಅಷ್ಟು ಸಾಕಾಯಿತು. ದಾರ ಕಸಿದುಕೊಂಡು ಗಾಡಿಯನ್ನು ಸಾಲೆಯ ಗೇಟು ದಾಟಿಸಿ, ಸಂತೆ ಬಯಲು ಬಳಸಿ, ದಾವಲಬೀಯ ಬಾಗಿಲ ತನಕ ಎಳೆದ. ಪುಡಿ ದಾರಿಯುದ್ದಕ್ಕೂ ಊರನ್ನು ಕರೆಯುತ್ತ ಹೋಯಿತು. ವಿರುಪಣ್ಣ ಕಾಲಿನಿಂದ ಅಳಿಸುತ್ತ ಹಿಂದೆ ಓಡಿದ. ಅದನ್ನು ಕಂಡವರೆಲ್ಲ, ಮಾಸ್ತರ ಖುಷಿಗೆ ಕುಣಿಯುತ್ತಿದ್ದಾನೆ ಎಂದುಕೊಂಡು ಬೆನ್ನು ಹತ್ತಿದರು.

ದಾವಲಬೀ ಬಾಗಿಲಿಗೆ ಬಂದು ಜಾತ್ರೆಯಂಥ ಮಂದಿ ನೋಡಿದಳು. “ಯಾ ಅಲ್ಲಾ, ಎರಡು ಕಪ್ಪಿನ ಮನಿಗೆ ಇಷ್ಟ ಮಂದಿ ಕರದೀಯೇನಪಾ?” ಎಂದು ಬೈಯುತ್ತಲೇ ಮದುವೆಯ ಹಂಡೆ ತೆಗೆದುಕೊಟ್ಟಳು.

ಅಲ್ಲಿಂದ ವಿರುಪಣ್ಣ ಒಲೆಯ ಮುಂದೆ ಕೂತವನು ಏಳಲಿಲ್ಲ. ಹೊರಗೆ ನಗು, ಹರಟೆ, ಮಳೆಯ ಮಾತು. ಅವನು ಬೇಡಿಕೊಂಡಿದ್ದ ಗದ್ದಲವೇ ಅದು. ಆದರೆ ಅವನನ್ನು ಯಾರೂ ಮಾತಾಡಿಸಲಿಲ್ಲ. ಕೈ ಮಾತ್ರ ಒಳಗೆ ಬರುತ್ತಿತ್ತು, ಗ್ಲಾಸು ತುಂಬಿಸಿಕೊಂಡು ಹೋಗುತ್ತಿತ್ತು. ಬೇವೂರಿನ ಒಬ್ಬ ಗೌಡ ಬಗ್ಗಿ, “ತಮ್ಮಾ, ಇದು ಯಾರ ಮನಿ ಕಾರ್ಯಾ?” ಎಂದು ಕೇಳಿದ. ವಿರುಪಣ್ಣ ಅವನ ಗ್ಲಾಸು ತುಂಬಿಸಿಕೊಟ್ಟ. ಅಷ್ಟು ಜನರ ನಡುವೆ ಅವನಿಗೆ ಖಾಲಿ ಖೋಲಿಗಿಂತ ಹೆಚ್ಚು ಒಂಟಿಯೆನಿಸಿತು. ಹೊಗೆಯಲ್ಲಿ ಕಣ್ಣೊರೆಸಿಕೊಂಡರೆ ಯಾರೂ ಕಾರಣ ಕೇಳುವುದಿಲ್ಲ, ಅದೊಂದೇ ಅನುಕೂಲ.

ಎಲ್ಲರೂ ಹೋದ ಮೇಲೆ ಶಿವಬಸಮ್ಮ ಅಕ್ಕೋರು ಒಬ್ಬರೇ ಬಂದರು.

“ಮಂದಿ ಕರಗಲಿ ಅಂತ ಕಾದೀನ್ರಿ,” ಎಂದು ಚಾಪೆಯ ಮೇಲೆ ಕೂತರು. ವಿರುಪಣ್ಣ ಹಂಡೆಯ ತಳದಲ್ಲಿ ಉಳಿದಿದ್ದ ಚಹಾವನ್ನು ಹೊಸ ಕಪ್ಪುಗಳಿಗೆ ಸೋಸಿದ. ಅವರು ಒಂದು ಗುಟುಕು ಕುಡಿದು ತಲೆ ತಗ್ಗಿಸಿದರು.

“ಒಂದು ಮಾತೈತ್ರಿ ಸರ. ಸಾಲ್ಯಾಗ ಹೇಳಾಕ ನಾಚಿಕಿ ಆತು.”

“ಹೇಳ್ರಿ,” ಎಂದ. ಆ ಒಂದು ಗಳಿಗೆ ವಿರುಪಣ್ಣನಷ್ಟು ಸುಖಿ ಮನುಷ್ಯ ಯಲಬುರ್ಗಾ ತಾಲೂಕಿನಲ್ಲಿ ಇರಲಿಲ್ಲ.

“ಅಂಥಾದ್ದ ಒಂದು ಗಾಲಿ ನನಗೂ ಮಾಡಿ ಕೊಡ್ರಿ. ‘ಮದುವಿಗೆ ಬರ್ರಿ’ ಅಂತ ಬೀಳಬೇಕು. ಹುಡುಗನ ಮನಿಯವ್ರು ಒಪ್ಯಾರ. ಹುಡುಗ ಕುಷ್ಟಗಿಯಾಗ ಕ್ಲಾರ್ಕ ಅದಾನ.”

ವಿರುಪಣ್ಣ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ. “ಆಗಲ್ರಿ,” ಎಂದ.

ಅಕ್ಕೋರ ಮುಖ ಅರಳಿತು. ಕಪ್ಪು ಬರಿದು ಮಾಡಿ ಎದ್ದು, ಬಾಗಿಲಲ್ಲಿ ತಿರುಗಿ ನಿಂತರು.

“ಚಹಾ ಭಾಳ ಛಲೋ ಆಗೇತ್ರಿ. ಇಷ್ಟ ಮಂದೀನ್ನ ಒಬ್ಬರ ಸಂಭಾಳಿಸಿದ್ರಿ ಅಂದ್ರ ಸಾದಾ ಮಾತಲ್ಲ. ಮದುವಿ ದಿನಾ ಹಂಡೆದ ಮುಂದ ನೀವ ಕುಂದರ್ರಿ. ನಮ್ಮ ಕಡೆ ಅಂಥಾವ್ರು ಯಾರೂ ಇಲ್ಲ.”