ಮುತ್ತಜ್ಜನ ಮೈಮೇಲೆ ಸೀಮೆಸುಣ್ಣ

"ಲೇ, ಈ ಸಲ ನಿಂಗೆ ಆ ದೊಡ್ಡ ಮರ ತೋರಿಸ್ಲಿಲ್ಲ ಅಂದ್ರೆ ನನ್ನ ಮೀಸೆ ಬೋಳಿಸ್ಕೋತೀನಿ!" ಎಂದು ನಡುಮನೆಯಲ್ಲಿ ನಿಂತು ಘೋಷಿಸಿದೆ.

ಹೆಂಡತಿ ಬಟ್ಟೆ ಮಡಿಸುತ್ತಲೇ, "ಮೀಸೆ ಎಲ್ಲಿದೆ?" ಎಂದಳು.

ಮಾತಿನಲ್ಲಿ ಹುರುಳಿತ್ತು. ಹಿಂದಿನ ಸಲದ ಘೋಷಣೆಗೆ ಅದು ಆಗಲೇ ಬಲಿಯಾಗಿತ್ತು.

ಅವಳಿಗಿದ್ದದ್ದು ಒಂದೇ ಆಸೆ. ಬೆಟ್ಟಗಳ ನಡುವಿನ ರಾಷ್ಟ್ರೀಯ ಉದ್ಯಾನದಲ್ಲಿ 'ಮುತ್ತಜ್ಜ' ಎಂಬ ಮರವಿದೆಯಂತೆ. ಅದರ ಎದುರು ನಿಂತು, ತಲೆಯೆತ್ತಿ, ಒಂದಿಷ್ಟು ಹೊತ್ತು ಸುಮ್ಮನಿರಬೇಕಂತೆ. ಅಷ್ಟೇ! ಒಡವೆ ಕೇಳಿದವಳಲ್ಲ, ಮದುವೆಯಾದಾಗಿನಿಂದ ಇದೊಂದನ್ನೇ ಕೇಳುತ್ತಿದ್ದಾಳೆ. ನಾನೋ, ಮರದ ಡಿಪೊದಲ್ಲಿ ದಿಮ್ಮಿ ಅಳೆಯುವ ಗುಮಾಸ್ತ. ಬೆಳಗಾದರೆ ಮರದ ಮುಖ ನೋಡುವವನು ಮರ ನೋಡಲು ರಜೆ ಹಾಕುವುದೆಂದರೆ, ದರ್ಜಿ ಬಟ್ಟೆ ಅಂಗಡಿಗೆ ವಿಹಾರ ಹೋದ ಹಾಗೆ.

"ಡಿಪೊಗೆ ಬಾ, ಬೇಕಾದಷ್ಟು ಮರ ತೋರಿಸ್ತೀನಿ" ಎಂದು ವರ್ಷಗಟ್ಟಲೆ ತಳ್ಳಿದೆ.

"ಅವು ಮರ ಅಲ್ರೀ, ಹೆಣ" ಎಂದಳು ಒಂದು ದಿನ.

ನಾಟಾ ಅಳೆಯುವವನಿಗೂ ಮಾತು ನಾಟಿತು! ಮಾರನೆಯ ವಾರವೇ ಬಸ್ಸು ಹತ್ತಿಸಿದೆ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಸುಳ್ಳು! ಬೆಟ್ಟಗಳು ಹತ್ತಿರದಿಂದಲೂ ಚೆನ್ನಾಗಿಯೇ ಇದ್ದವು. ಹತ್ತಿರದಿಂದ ಒರಟಾಗಿದ್ದವನು ನಾನೊಬ್ಬನೇ. ಹೆಂಡತಿ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು, ನಾನು ದಾರಿಯುದ್ದಕ್ಕೂ ಜ್ಞಾನದಾನ ಮಾಡಿದೆ.

"ಅದು ಬಾಗಿಲ ಚೌಕಟ್ಟಿಗೆ ಒಳ್ಳೇದು. ಇದು ಬೇಡ, ಗೆದ್ದಲು ತಿನ್ನುತ್ತೆ."

"ರೀ, ಸ್ವಲ್ಪ ಸುಮ್ನಿರ್ತೀರಾ?"

"ಇರ್ತೀನಿ. ಆದ್ರೆ ಆ ಎಡಗಡೇದು ನೋಡೇ, ತೊಲೆಗೆ ಹೇಳಿ ಮಾಡಿಸಿದ ಹಾಗಿದೆ!"

ಕೊನೆಗೂ ಮುತ್ತಜ್ಜನ ದರ್ಶನವಾಯಿತು. ಅಬ್ಬಬ್ಬಾ! ಬುಡವೇ ನಮ್ಮ ಮನೆಯಷ್ಟಿತ್ತು, ತುದಿ ಮೋಡದಲ್ಲೆಲ್ಲೋ ಕಳೆದುಹೋಗಿತ್ತು. ಹೆಂಡತಿಯ ಕಣ್ಣಲ್ಲಿ ನೀರು ಬಂತು. ನನಗೆ ಬಂದದ್ದು ಬಾಯಲ್ಲಿ!

ಜೇಬಿನಲ್ಲಿ ಟೇಪು ಇತ್ತು. ಬೇಲಿಯನ್ನು ಯಾವಾಗ ದಾಟಿದೆನೋ ದೇವರಿಗೇ ಗೊತ್ತು. ಟೇಪು ಅರ್ಧ ಸುತ್ತಿಗೂ ಸಾಲದೆ ಸೀಮೆಸುಣ್ಣ ತೆಗೆದು, ಮುಗಿದ ಕಡೆಯೆಲ್ಲ ಗೆರೆ ಎಳೆಯುತ್ತಾ ಪ್ರದಕ್ಷಿಣೆ ಬಂದೆ. ಅಳತೆ ಮುಗಿದೊಡನೆ, ಡಿಪೊದಲ್ಲಿ ದಿನಾ ಮಾಡುವ ಹಾಗೆ, ಒಂದು ದೊಡ್ಡ ಸೊನ್ನೆ ಬರೆದು ಅದರೊಳಗೆ ಅಡ್ಡಗೀಟು ಎಳೆದುಬಿಟ್ಟೆ. ಕೈಗೆ ಅಭ್ಯಾಸ, ತಲೆಗೆ ರಜೆ!

"ಲೇ, ಇದೊಂದ್ರಲ್ಲೇ ಇಡೀ ಊರಿಗೆ ಮಂಚ ಮಾಡ್ಬಹುದು ಕಣೇ!" ಎಂದು ಕೂಗಿದೆ.

ಓಗೊಟ್ಟವನು ಅರಣ್ಯ ಕಾವಲುಗಾರ.

"ಏನ್ರೀ ಅದು ಗುರುತು?"

"ಅದಾ? ಡಿಪೊ ಗುರುತು."

"ಅಂದ್ರೆ?"

ಸುಳ್ಳು ಹೇಳಬಹುದಿತ್ತು. ಕಸುಬಿನ ಹೆಮ್ಮೆ ಬಿಡಬೇಕಲ್ಲ!

"ಅಂದ್ರೆ ಮಾಲು ಪಾಸು. ಕೊಯ್ಬಹುದು ಅಂತ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾವಲುಗಾರ ನನ್ನ ಕೊರಳಪಟ್ಟಿ ಹಿಡಿದ.

"ಗರಗಸ ಎಲ್ಲಿಟ್ಟಿದೀಯ?"

"ಗರಗಸ ಇಲ್ಲ ಸ್ವಾಮಿ, ಹೆಂಡ್ತಿ ಜೊತೆ ಬಂದಿದೀನಿ."

"ಅವ್ರೂ ಗ್ಯಾಂಗಾ?"

"ನಾನು ಮರ ನೋಡಕ್ಕೆ ಬಂದೋಳು" ಎಂದಳು ಹೆಂಡತಿ. ಆಮೇಲೆ ನನ್ನತ್ತ ತಿರುಗಿದಳು. "ಇಷ್ಟು ವರ್ಷ ಮನೇಲಿ ಕಾಡಿದ್ದು ಸಾಲ್ದು ಅಂತ ಕಾಡಿಗೂ ಬಂದು ಕಾಡ್ತೀರಲ್ರೀ! ಒಂದು ಗಳಿಗೆ, ಒಂದೇ ಒಂದು ಗಳಿಗೆ ನನ್ನ ಪಾಡಿಗೆ ಬಿಡಕ್ಕಾಗ್ಲಿಲ್ವಾ?"

ಅವಳ ದನಿ ನಡುಗುತ್ತಿತ್ತು.

ಕಾವಲುಗಾರ ನನ್ನ ಕೈಗೆ ಒದ್ದೆ ಬಟ್ಟೆ ತುರುಕಿದ. ತೊಗಟೆಯ ಸಂದಿಸಂದಿಯಿಂದ ಸೀಮೆಸುಣ್ಣ ಒರೆಸಿದೆ. ಎಲ್ಲೆಲ್ಲಿಂದಲೋ ಬಂದ ಪ್ರವಾಸಿಗರು ಮರವನ್ನು ಬಿಟ್ಟು ನನ್ನ ಫೋಟೊ ತೆಗೆದರು. ಒರೆಸಿ ಮುಗಿದ ಮೇಲೆ ಕಾವಲುಗಾರ, "ಅಮ್ಮಾ, ನಿಮ್ಮದೇನೂ ತಪ್ಪಿಲ್ಲ, ನೆಮ್ಮದಿಯಾಗಿ ನೋಡ್ಕೊಂಡು ಬನ್ನಿ. ಸಾಹೇಬ್ರು ಬರೋವರೆಗೂ ಇವ್ರು ಆಫೀಸಲ್ಲಿ ಕೂತಿರ್ಲಿ" ಎಂದ.

ಕೂತೆ. ಅಭ್ಯಾಸಬಲದಿಂದ ಬೆಂಚು ತಟ್ಟಿ ನೋಡಿದೆ. ಪ್ಲೈವುಡ್! ಇಷ್ಟು ದೊಡ್ಡ ಕಾಡಿನೊಳಗೆ ಪ್ಲೈವುಡ್! ಯಾರಿಗಾದರೂ ಹೇಳಬೇಕೆಂದು ನಾಲಿಗೆ ತುರಿಸಿತು. ಕೇಳಲು ಯಾರೂ ಇರಲಿಲ್ಲ.

ಕಿಟಕಿಯಾಚೆ ಹೆಂಡತಿಯ ಬೆನ್ನು ಕಾಣುತ್ತಿತ್ತು. ಕೈ ಹಿಂದಕ್ಕೆ ಕಟ್ಟಿ, ತಲೆಯೆತ್ತಿ ನಿಂತಿದ್ದಳು. ಒಮ್ಮೆಯಾದರೂ ಈ ಕಡೆ ತಿರುಗುತ್ತಾಳೆಂದು ಕಾದೆ. ತಿರುಗಲಿಲ್ಲ. ನಾನಿಲ್ಲದೆ ಅವಳಿಗೆ ಏನೂ ಕಡಿಮೆಯಾಗಿರಲಿಲ್ಲ!

ಸಂಜೆ ಸಾಹೇಬರು ಬಂದು, ಚೆನ್ನಾಗಿ ಉಗಿದು, ಇನ್ನು ಈ ಕಡೆ ಟೇಪು ತರಬೇಡ ಎಂದು ಬಿಟ್ಟುಕಳಿಸಿದರು. ಹೆಂಡತಿ ಗೇಟಿನ ಬಳಿ ಕಾಯುತ್ತಿದ್ದಳು. ಮುಖ ತಿಳಿಯಾಗಿತ್ತು. ಅಂಥ ಮುಖವನ್ನು ನಮ್ಮ ಮನೆಯಲ್ಲಿ ನಾನು ಕಂಡಿರಲಿಲ್ಲ.

"ತಪ್ಪಾಯ್ತು ಕಣೇ" ಎಂದೆ. ಈ ಸಲ ಘೋಷಣೆಯಲ್ಲ, ನಿಜವಾಗಿಯೂ ಅಂದೆ. "ಮುಂದಿನ ತಿಂಗಳು ಮತ್ತೆ ಬರೋಣ. ಬಾಯಿಗೆ ಬೀಗ ಹಾಕ್ಕೊಂಡೇ ಬರ್ತೀನಿ."

"ಮುಂದಿನ ತಿಂಗಳಿಗೆ ಆಗಲೇ ಫೋನಲ್ಲೇ ಬಸ್ ಸೀಟು ಹಿಡಿದಾಯ್ತು" ಎಂದಳು. "ಎರಡು."

ಎರಡು! ಕಣ್ಣು ತುಂಬಿ ಬಂತು. ಎಷ್ಟಾದರೂ ಕೈಹಿಡಿದವಳು!

"ಕಿಟಕಿ ಸೀಟು ನಿಂಗೇ ಇರ್ಲಿ. ನಾನು ಪಕ್ಕದಲ್ಲಿ ಕೂತ್ಕೋತೀನಿ."

"ಪಕ್ಕದ್ದೂ ನಂದೇ ರೀ" ಎಂದಳು. "ಖಾಲಿ ಬಿಟ್ರೆ ಯಾರಾದ್ರೂ ಬಂದು ಮಾತಾಡ್ತಾ ಕೂತ್ಬಿಡ್ತಾರೆ ಅಂತ ಅದನ್ನೂ ತಗೊಂಡೆ."