ಬಸಪ್ಪನ ಮುಖದ ಮೇಲಿನ ಮೊಹರು

ಹೊಸ ಯಂತ್ರವೊಂದನ್ನು ನಡೆಸಲು ಕಲಿತವನಿಗೆ ಅದನ್ನು ಕಂಡುಹಿಡಿದವನಿಗಿಂತ ಹೆಚ್ಚು ಬಿಂಕ ಬರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನನಗೂ ಬಂದಿತ್ತು. ಆಗ ನಾನು ದಾವಣಗೆರೆಯ ವಿದ್ಯಾನಗರದಿಂದ ದಿನಾ ಬಸ್ಸು ಹಿಡಿದು ಹರಿಹರದ ಒಂದು ಕಾರ್ಖಾನೆಯ ಕಚೇರಿಗೆ ಹೋಗುತ್ತಿದ್ದೆ. ಅಲ್ಲಿನ ಸ್ಕ್ಯಾನರಿಗೆ ನಾನೇ ಯಜಮಾನ. ಮೊದಲು ಬಂದದ್ದು ಕೈಯಲ್ಲಿ ಹಿಡಿದು ಕಾಗದದ ಮೇಲೆ ಎಳೆಯುವಂಥದ್ದು. ಇಸ್ತ್ರಿ ಮಾಡಿದ ಹಾಗೆ ಒಂದೇ ಸಮನೆ ಎಳೆಯಬೇಕು. ಕೈ ನಡುಗಿದರೆ ಸಾಲುಗಳೆಲ್ಲ ಬಳುಕುತ್ತಿದ್ದವು. ಪುಟದ ಅಗಲಕ್ಕೆ ಅದು ಸಾಲದು. ಎರಡು ತುಂಡು ಮಾಡಿ ಜೋಡಿಸಿದರೆ ಮ್ಯಾನೇಜರರ ಸಹಿ ಅರ್ಧ ಮೇಲೆ, ಅರ್ಧ ಕೆಳಗೆ. ಆಮೇಲೆ ಗಾಜಿನ ಮೇಲೆ ಕಾಗದ ಮಲಗಿಸಿ ಮುಚ್ಚಳ ಹಾಕುವ ಸ್ಕ್ಯಾನರು ಬಂತು. ಪೂಜೆ ಮಾಡಿ, ಕುಂಕುಮ ಹಚ್ಚಿ, ಗುಂಡಿ ಒತ್ತಿದರೆ ಗರಗರ ಅರಚಿತು. ಸಾಗಿಸುವಾಗ ಅಲುಗಾಡದಿರಲೆಂದು ಹಾಕಿದ್ದ ಬೀಗವನ್ನು ನಾನು ತೆಗೆದೇ ಇರಲಿಲ್ಲ. ಹಾಳೆಗಳ ಕಟ್ಟನ್ನೇ ತಾನಾಗಿ ಒಳಗೆಳೆದುಕೊಳ್ಳುವ ಸ್ಕ್ಯಾನರುಗಳೂ ದೊಡ್ಡ ಕಚೇರಿಗಳಲ್ಲಿ ಇವೆಯೆಂದು ಕೇಳಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಹೀಗಿರುವಾಗ ಹತ್ತಿರದ ಕೊಂಡಜ್ಜಿ ಊರಿನಿಂದ ಗೌರಮ್ಮ ಬಂದರು. ನಮ್ಮಲ್ಲಿ ಲೇತ್ ಕೆಲಸ ಮಾಡುತ್ತಿದ್ದು, ಆಗಷ್ಟೇ ತೀರಿಕೊಂಡಿದ್ದ ಬಸಪ್ಪನ ಹೆಂಡತಿ.

"ಮನ್ಯಾಗ ಅವರದೊಂದೂ ಫೋಟೋ ಇಲ್ರಿ ಸಾರ್. ನಿಮ್ಮ ಆಫೀಸ್ನಾಗೆ ಐತಂತೆ. ಗ್ವಾಡಿಗೆ ಹಾಕಂಗೆ ದೊಡ್ಡದು ಮಾಡಿಕೊಡ್ರಿ."

ಅವನ ಕೆಲಸದ ಕಡತದಲ್ಲಿ ಅಂಟಿಸಿದ್ದು ಇತ್ತು, ಅಂಚೆಚೀಟಿಯಷ್ಟು. ಎಡಗೆನ್ನೆಯ ಮೇಲೆ ಕಚೇರಿಯ ನೇರಳೆ ಮೊಹರು, ಹುಬ್ಬಿನಲ್ಲಿ ಹಳೆಯ ಗಾಯದ ಗೆರೆ. ಸ್ಕ್ಯಾನರು ಎಲ್ಲವನ್ನೂ ಇದ್ದಂತೆಯೇ ತೋರಿಸಿತು. ನನಗೆ ಅದು ಸಾಲಲಿಲ್ಲ. ಊಟ ಮರೆತು ಕಂಪ್ಯೂಟರಿನ ಮುಂದೆ ಕೂತು ಮೊಹರು ಒರೆಸಿದೆ, ಗಾಯ ಮುಚ್ಚಿದೆ, ಕೆನ್ನೆ ತುಂಬಿಸಿದೆ, ಬಣ್ಣ ಒಂದಿಷ್ಟು ತಿಳಿ ಮಾಡಿದೆ. ಸತ್ತವನಿಗೆ ಇಷ್ಟಾದರೂ ಮಾಡಿದೆನಲ್ಲ ಎಂದು ಕಣ್ಣು ತುಂಬಿಬಂತು.

ಗೌರಮ್ಮ ಅಚ್ಚಾಗಿ ಬಂದ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಚೆಂದ ಅದಾರ್ರಿ. ಯಾರಿವರು?"

ನಾನು ಕಡತದ ಪುಟ್ಟ ಫೋಟೋವನ್ನು ತಂದು ಪಕ್ಕದಲ್ಲಿ ಹಿಡಿದೆ.

"ಹುಬ್ಬಿನ ಗಾಯ ಎಲ್ಲಿ ಹೋತ್ರಿ? ಮದುವಿ ಹೊಸದ್ರಾಗ ನಾನು ಬಾಗಿಲು ದಬ್ಬಿದ ಜೋರಿಗೆ ಆಗಿದ್ದು. ಜಗಳ ಬಂದಾಗೆಲ್ಲ ಅದನ್ನ ಮುಟ್ಟಿ ತೋರ್ಸೋರು, ನನಗೆ ನಗು ಬಂದುಬಿಡೋದು." ಹಾಗೆಂದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅತ್ತರೋ ನಕ್ಕರೋ ತಿಳಿಯಲಿಲ್ಲ.

ಅವರನ್ನು ಕೂರಿಸಿ ಮತ್ತೆ ಸ್ಕ್ಯಾನ್ ಮಾಡಿದೆ. ಈ ಸಲ ಕೈ ಕಟ್ಟಿಕೊಂಡು ಕೂತೆ. ಗಾಯದ ಗೆರೆಯ ಸಮೇತ ಬಸಪ್ಪ ಪರದೆಯ ಮೇಲೆ ಮೂಡಿದ.

"ಮೊಹರು ಒಂದನ್ನು ಅಳಿಸಲೇನಮ್ಮಾ?"

"ಬ್ಯಾಡ್ರಿ. ಅದನ್ನ ಅಳ್ಸಾಕ ಹೋಗಿ ಮತ್ತೆ ಅವರನ್ನೇ ಅಳಿಸಿಬಿಟ್ಟೀರಿ."

ಮೊಹರಿನ ಬಸಪ್ಪನನ್ನು ಎದೆಗೊತ್ತಿಕೊಂಡು ಹೋದರು. ಯಂತ್ರಕ್ಕೆ ಇದ್ದದ್ದನ್ನು ನೋಡುವ ತಾಳ್ಮೆಯಿತ್ತು, ಇಲ್ಲದಿದ್ದದ್ದು ನನಗೇ. ಮನುಷ್ಯರನ್ನು ತಿದ್ದದೆ ನೋಡುವುದು ಎಷ್ಟು ಕಷ್ಟ ಎಂದು ಬಸ್ಸಿನಲ್ಲಿ ಯೋಚಿಸುತ್ತ ಬಂದೆ, ವೈರಾಗ್ಯವೇ ಬಂದಷ್ಟು ಗಂಭೀರವಾಗಿ.

ಕೆಲವು ತಿಂಗಳಿಗೆ ಎಲ್ಲರಿಗೂ ಹೊಸ ಗುರುತಿನ ಚೀಟಿ ಮಾಡುವ ಕೆಲಸ ನನಗೆ ಬಿತ್ತು. ಯಾರ ಮುಖವನ್ನೂ ಮುಟ್ಟಲಿಲ್ಲ. ನನ್ನದಕ್ಕೆ ಮಾತ್ರ ಹಣೆಯ ಮೇಲೆ ಒಂದಿಷ್ಟು ಕೂದಲು ಸೇರಿಸಿದೆ, ಅಷ್ಟೇ. ಮರುದಿನ ಗೇಟಿನ ಕಾವಲುಗಾರ ಚೀಟಿಯನ್ನೂ ನನ್ನನ್ನೂ ನೋಡಿ ಮೆಲ್ಲಗೆ ಕೇಳಿದ: "ಸಾರ್, ನಿಮ್ಮ ತಮ್ಮಾರ ಕಾರ್ಡ್ ತಂದ್ಬಿಟ್ಟೀರೇನ್ರಿ?"

ನನಗೆ ತಮ್ಮನೇ ಇಲ್ಲ. "ಹೌದಪ್ಪ, ಅವಸರದಲ್ಲಿ ಅದಲುಬದಲಾಯ್ತು" ಎಂದು ಹೇಳಿ ಒಳಗೆ ಹೋದೆ.